ಗುಜರಿಯಿಂದ ಬಂದ ತಾತ

ನನಗೆ ಬೇಕಾಗಿದ್ದದ್ದು ಚೌಕಟ್ಟು ಮಾತ್ರ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಮದ್ದೂರಿನ ಆ ಗುಜರಿ ಅಂಗಡಿಗೆ ನಾನು ಆಗಾಗ ಹೋಗುತ್ತೇನೆ. ಹಿತ್ತಾಳೆ ಚಿಲಕ, ಹಳೆಯ ಬೀಗ, ಒಮ್ಮೆ ಇನ್ನೂ ಗಂಟೆ ಹೊಡೆಯುವ ಟೈಂಪೀಸು ಸಿಕ್ಕಿದ್ದವು. ಆ ದಿನ ತುಕ್ಕು ಹಿಡಿದ ಪಂಪ್‌ಸೆಟ್ಟಿನ ಹಿಂದೆ ಬೀಟೆಮರದ ಚೌಕಟ್ಟು ಕಂಡಿತು. ಮೂಲೆಗಳಲ್ಲಿ ಕೆತ್ತಿದ ಬಳ್ಳಿ. ಗಾಜಿನೊಳಗೆ ರುಮಾಲು ಸುತ್ತಿ ಕುರ್ಚಿಯಲ್ಲಿ ಕೂತ ಯಾರೋ ಮುದುಕರು.

"ಮರಕ್ಕೆ ತೂಕ ಆಕ್ತೀನಿ. ತಾತ ಸುಮ್ನೆ ಬತ್ತನೆ," ಎಂದ ಅಂಗಡಿಯವನು. ಇಂಥದ್ದೇ ಇನ್ನೊಂದು ಬಂದರೆ ತಿಳಿಸಲಿ ಎಂದು ವಿಳಾಸ ಬರೆದುಕೊಟ್ಟೆ.

ಮಂಡ್ಯದ ಮನೆಗೆ ತಂದು, ಕನ್ನಡಿ ಕೂರಿಸುವವರೆಗೆ ಇರಲಿ ಎಂದು ಗೋಡೆಗೆ ನೇತುಹಾಕಿದೆ. ಮಾರನೆಯ ದಿನವೇ ಮಹಾಲಯ ಅಮಾವಾಸ್ಯೆ. ಎಡೆಗೆಂದು ಚಿಕ್ಕರಸಿನಕೆರೆಯಿಂದ ಸೋದರತ್ತೆ ಬಂದಳು. ಎಂಬತ್ತು ದಾಟಿದವಳು. ಅವಳಿಗೆ ನಾಲ್ಕು ವರ್ಷವಾಗಿದ್ದಾಗ ಅವಳ ಅಪ್ಪ, ಅಂದರೆ ನನ್ನ ತಾತ, ತೀರಿಕೊಂಡರು. ಅವರದೊಂದು ಫೋಟೋವೂ ಇಲ್ಲ. ಪ್ರತಿ ವರ್ಷ ಮಣೆಯ ಮೇಲೆ ಅವರ ಟವೆಲ್ ಮಡಿಸಿಟ್ಟು ಎಡೆ ಇಡುತ್ತೇವೆ. ಅಪ್ಪನ ಮುಖ ಅವಳಿಗೆ ನೆನಪಿಲ್ಲ. ಅವರು ಉಣ್ಣುವಾಗ ಕೋಳಿಮೂಳೆ ಕಡಿಯುತ್ತಿದ್ದ ಸದ್ದು ನೆನಪಿದೆ.

ಗೋಡೆ ನೋಡಿ ನಿಂತಳು.

"ಅಪ್ಪಾ, ಈಗ ಬಂದ್ಯಾ," ಎಂದಳು, ಮೆಲ್ಲಗೆ.

ಗುಜರಿಯದು ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಲಿಲ್ಲ. ಅವಳು ಟವೆಲ್ ಎತ್ತಿಟ್ಟು ಮುದುಕರನ್ನು ಮಣೆಯ ಮೇಲೆ ಕೂರಿಸಿ, ಹಾರ ಹಾಕಿ, ಮುದ್ದೆ, ನಾಟಿಕೋಳಿ ಸಾರು, ವಡೆ, ಒಂದು ಲೋಟ ಬ್ರಾಂದಿ ಬಡಿಸಿದಳು. ಹಿರಿಯರು ಉಂಡು ಮುಗಿಸುವವರೆಗೆ ಬಾಗಿಲು ಮುಚ್ಚಿ ಹೊರಗೆ ನಿಲ್ಲುವುದು ನಮ್ಮ ವಾಡಿಕೆ. ನಿಂತೆವು.

ಆಗ ಬೈಕಿನಲ್ಲಿ ಒಬ್ಬ ಬಂದ. ಬೆಳಕವಾಡಿಯವನು. ಅಂಗಡಿಯಲ್ಲಿ ನನ್ನ ವಿಳಾಸ ಕೊಟ್ಟರಂತೆ.

"ಸುಣ್ಣ ಹೊಡ್ಸುವಾಗ ನಮ್ ತಾತ ಗುಜರಿಗೋಗ್ಬುಟ್ರು. ಮನೇಲಿ ಎಡೆ ಆರ್ತಾ ಅದೆ. ಕೊಟ್ಬುಡಿ."

ಅತ್ತೆ ನನ್ನ ಕಡೆ ನೋಡಿದಳು. ನಾನು ಅವನ ಬೈಕಿನ ಚಕ್ರ ನೋಡಿದೆ.

"ಉಣ್ತಾವ್ರೆ. ಉಣ್ಣೋರ್ನ ಎಬ್ಬಿಸ್ಬಾರ್ದು ಕಣಪ್ಪ," ಎಂದಳು.

"ಏನ್ ಬಡ್ಸಿದ್ದೀರಿ?"

"ಕೋಳಿ."

ಅವನು ಹೆಲ್ಮೆಟ್ ತೆಗೆದ. "ಅವ್ವಾ, ನಮ್ ತಾತ ಮೊಟ್ಟೆ ಕಂಡ್ರೂ ಎದ್ದೋಗೋರು."

ಅಷ್ಟರಲ್ಲಿ ಒಳಗೆ ಏನೋ ಸದ್ದಾಯಿತು, ಕಟಕಟ ಎಂದು. ಅತ್ತೆ ಕಣ್ಣು ಮುಚ್ಚಿದಳು.

ಬಾಗಿಲು ತೆಗೆದಾಗ ಕಂಡದ್ದನ್ನು ಕಂಡಂತೆ ಹೇಳುತ್ತೇನೆ. ಬಡಿಸಿದ್ದು ಐದು ತುಂಡು, ಎಲೆಯ ಮೇಲಿದ್ದದ್ದು ಎರಡು. ಪಕ್ಕದಲ್ಲಿ ಕಡಿದ ಮೂಳೆ. ಬ್ರಾಂದಿ ಹಾಗೇ ಇತ್ತು. ಕಿಟಕಿ ಅರ್ಧ ತೆರೆದಿತ್ತು. ಹೊರಗೆ ಕಾಂಪೌಂಡಿನ ಮೇಲೆ ಪಕ್ಕದ ಮನೆಯ ಬೆಕ್ಕು ಕೂತಿತ್ತು. ಅದನ್ನು ನಾನೊಬ್ಬನೇ ನೋಡಿದೆ.

ಬೆಳಕವಾಡಿಯವನು ಗೋಡೆಗೆ ಒರಗಿದ. "ತಿಂದ್ಬುಟ್ಟವ್ರೆ."

"ನಿಮ್ ತಾತ ಮುಟ್ಟೋರಲ್ಲ ಅಂದ್ಯಲ್ಲ?" ಎಂದಳು ಅತ್ತೆ.

"ಮುಟ್ಟೋರಲ್ಲ."

"ಅಂಗಾದ್ರೆ ತಿಂದೋರು ನಮ್ಮಪ್ಪ. ನಿಮ್ಮೋರು ಸುಮ್ನೆ ಕೂತಿದ್ರು. ಕರ್ಕೊಂಡೋಗು, ಅಸ್ಕೊಂಡವ್ರೆ."

ಅವನಿಗೆ ಜೀವ ಬಂದಂತಾಯಿತು. ಅತ್ತೆ ಹಾರ ತೆಗೆದು, ಮಡಿಸಿದ ಟವೆಲನ್ನು ಮತ್ತೆ ಮಣೆಯ ಮೇಲಿಟ್ಟು ಅದಕ್ಕೆ ಹಾಕಿದಳು. ಆಮೇಲೆ ಫೋಟೋ ಎತ್ತಿಕೊಂಡು ಬಾಗಿಲವರೆಗೆ ಬಂದಳು. ಅವನ ಕೈಗೆ ಕೊಡುವ ಮುನ್ನ ಸೆರಗಿನ ತುದಿಯಿಂದ ಗಾಜಿನ ಮೇಲೆ, ಆ ಮುದುಕರ ಬಾಯಿ ಇದ್ದ ಜಾಗವನ್ನು ಎರಡು ಸಲ ಒರೆಸಿದಳು.