ಇರಲೇ ಇಲ್ಲ ಅಂದ ಆಯುಧ

"ಅತ್ತೆ, ಇಂಥ ಆಯುಧ ನಿಜವಾಗ್ಲೂ ಇತ್ತಾ?"

ಸೊರಬದಲ್ಲಿ ಡಿಗ್ರಿ ಓದುತ್ತಿರುವ ಅಣ್ಣನ ಮಗಳು ಸಿಂಚನಾ ನನ್ನ ಮೂಗಿಗೇ ಮೊಬೈಲು ಹಿಡಿದಳು. ಅವಳಾಡುವ ಯಾವುದೋ ಗೇಮು. ಅದರಲ್ಲೊಬ್ಬ ರಾಕ್ಷಸಿ, ಕೈಯಲ್ಲಿ ಆಳೆತ್ತರದ ಕೋಲು, ತುದಿಯಲ್ಲಿ ಹಿಂದಕ್ಕೆ ಬಾಗಿದ ಅಲಗು. ಶನಿವಾರ ಕಾಲೇಜಿನಲ್ಲಿ ಆ ಆಯುಧದ ಬಗ್ಗೆಯೇ ಅವಳ ಸೆಮಿನಾರ್ ಅಂತೆ.

ನಾನು ಮೂವತ್ತು ವರ್ಷ ಶಿಕಾರಿಪುರದಲ್ಲಿ ಇತಿಹಾಸ ಪಾಠ ಮಾಡಿದವಳು. ಕನ್ನಡಕವನ್ನೂ ಹಾಕಿಕೊಳ್ಳದೆ ತೀರ್ಪು ಕೊಟ್ಟೆ. "ಎಲ್ಲೂ ಇರ್ಲಿಲ್ಲ ಕಣೇ. ಎಲ್ಲಾ ಕಂಪ್ಯೂಟರ್ ಮುಂದೆ ಕೂತೋರ ಕಲ್ಪನೆ."

ಅವಳು ಮುಖ ಸಣ್ಣಗೆ ಮಾಡಿಕೊಂಡು ಬಸ್ಸು ಹತ್ತಿದಳು. ಫೋಟೋ ನನ್ನ ವಾಟ್ಸಾಪಿನಲ್ಲಿ ಉಳಿಯಿತು.

ಉಳಿದದ್ದೇ ತಪ್ಪಾಯಿತು. ಸಾರು ಕುದಿಯುವಾಗ ನೋಡಿದೆ. ಬಟ್ಟೆ ಒಣಹಾಕುವಾಗ ನೋಡಿದೆ. ಇಲ್ಲ ಅನ್ನಲು ನನಗಿದ್ದ ಆಧಾರವೇನು? ಪಠ್ಯಪುಸ್ತಕದಲ್ಲಿ ಕಂಡಿಲ್ಲ ಅನ್ನುವುದೇ?

ಶುಕ್ರವಾರ ತಡೆಯಲಾಗದೆ ಕುಡುಗೋಲು ಮಾಡುವ ರಹಮತ್ ಸಾಬರ ಅಂಗಡಿಗೆ ಹೋದೆ. (ನನ್ನ ಈಳಿಗೆಮಣೆಗೆ ಸಾಣೆ ಹಿಡಿಯುವವರೂ ಅವರೇ.) ಅವರು ಚಿತ್ರವನ್ನು ದೊಡ್ಡದು ಮಾಡಿ ನೋಡಿದರು.

"ಇದ್ರಲ್ಲಿ ಹೊಡೆಯೋದಲ್ಲ ಟೀಚರ್ರೇ. ಹಿಂದಿನಿಂದ ಸಿಕ್ಕಿಸಿ ಎಳೆಯೋದು. ಕುದುರೆ ಮೇಲಿದ್ದೋನು ಸೀದಾ ನೆಲಕ್ಕೆ!"

ಹಾಗಾದರೆ ಚಿತ್ರ ಮಾಡಿದವರಿಗೆ ಅದರ ಕೆಲಸ ಗೊತ್ತಿತ್ತು ಎಂದಾಯಿತಲ್ಲ?

ಶನಿವಾರ ಬೆಳಿಗ್ಗೆಯೇ ಹಳೆಯ ಗುಡಿ, ವೀರಗಲ್ಲುಗಳ ಊರಾದ ಬಂದಳಿಕೆಯಲ್ಲಿದ್ದೆ. ಒಂದೊಂದೇ ವೀರಗಲ್ಲಿನ ಮುಂದೆ ಕೂತು ಎದ್ದೆ. ಖಡ್ಗ, ಬಿಲ್ಲು, ಗುರಾಣಿ. ಮೂಲೆಯ ಸವೆದ ಕಲ್ಲೊಂದರ ಮುಂದೆ ನಾನು ಕಣ್ಣು ಕಿರಿದು ಮಾಡುತ್ತಿದ್ದಾಗ, ಮೇಕೆ ಮೇಯಿಸುತ್ತಿದ್ದ ಹೆಂಗಸು ತನ್ನ ಬಾಟಲಿಯ ನೀರನ್ನು ಅದರ ಮೇಲೆ ಸುರಿದಳು. ಗೆರೆಗಳು ಎದ್ದು ಬಂದವು. ಓಡುವ ದನಗಳು. ಅಡ್ಡ ನಿಂತ ಗಂಡಸು. ಕೈಯಲ್ಲಿ ಉದ್ದನೆಯ ಕೋಲು. ತುದಿ ಬಾಗಿತ್ತು.

"ದೋಟಿ ಅಲ್ವೇನ್ರೀ? ಸೊಪ್ಪು ಕೊಯ್ಯಾಕೆ ನಮ್ಮನೇಲೂ ಒಂದೈತಿ" ಅಂದಳು.

ದೋಟಿಯೋ, ಆಯುಧವೋ, ಕಲ್ಲು ಮುಕ್ಕಾದದ್ದೋ? ಹೇಳಲಾರೆ. ಫೋನಿಗೆ ನೆಟ್‌ವರ್ಕ್ ಇಲ್ಲ. ರಸ್ತೆಯವರೆಗೂ ಓಡಿ, ಏದುಸಿರು ಬಿಡುತ್ತಾ ಸಿಂಚನಾಗೆ ಫೋನ್ ಮಾಡಿದೆ.

"ಸೆಮಿನಾರ್ ಮುಗೀತು ಅತ್ತೆ. ನೀವಂದಿದ್ದನ್ನೇ ಅಂದೆ, ಇರ್ಲೇ ಇಲ್ಲ ಅಂತ."

"ಯಾರೂ ಆಧಾರ ಕೇಳ್ಲಿಲ್ವಾ?"

"ಕೇಳಿದ್ರು. ನಮ್ಮತ್ತೆ ಹಿಸ್ಟರಿ ಟೀಚರ್ ಅಂದೆ. ಸುಮ್ನಾದ್ರು."

ಕಲ್ಲಿನ ಸುದ್ದಿ ಹೇಳಿದೆ. "ಇದನ್ನ ಈಗ ಹೇಳ್ತೀರಾ? ಕ್ಲಾಸಿಗೆ ನೀವೇ ಬಂದು ಹೇಳಿ."

ಸೋಮವಾರ ಹೋದೆ. ಅವಳ ಮೇಡಂ ಹತ್ತು ನಿಮಿಷ ಕೊಟ್ಟರು. ಎಲ್ಲ ಹೇಳಿ ಮುಗಿಸಿದಾಗ ಮುಂದಿನ ಬೆಂಚಿನ ಹುಡುಗಿ ಪೆನ್ನು ಹಿಡಿದು ಕೇಳಿದಳು: "ಹಾಗಾದ್ರೆ ಇತ್ತು ಅಂತ ಬರ್ಕೊಳ್ಳೋದಾ ಮೇಡಂ?"

"ಗೊತ್ತಿಲ್ಲ ಕಣಮ್ಮ" ಅಂದೆ. ತರಗತಿಯೊಂದರಲ್ಲಿ ನಿಂತು ಆ ಮಾತು ಆಡಿದ್ದು ಅದೇ ಮೊದಲು.

ವಾಪಸು ಬರುವಾಗ ಬಸ್ಸಿನಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಇಷ್ಟು ವರ್ಷ ನಾನು ಇನ್ನೇನೇನನ್ನು ಇಲ್ಲ ಅಂದಿದ್ದೆನೋ, ಎಷ್ಟು ಮಕ್ಕಳು ಅದನ್ನು ಹಾಗೇ ಬರೆದುಕೊಂಡಿದ್ದಾರೋ?