ಗಂಡು ಖರ್ಜೂರಕ್ಕೆ ಹಸಿರು ಬಳೆ

ಆಗಿನ್ನೂ ಅಬುಧಾಬಿಯಲ್ಲಿ ಶುಕ್ರವಾರವೇ ವಾರದ ರಜೆ. ಎಸಿ ಆರಿಸಿ ಕಿಟಕಿ ತೆರೆಯುವಷ್ಟು ಸೆಕೆ ಇಳಿಯಿತೆಂದರೆ ಸೀಗೆ ಹುಣ್ಣಿಮೆ ಹತ್ತಿರ ಬಂತೆಂದೇ ಲೆಕ್ಕ. ನಮ್ಮ ಗದಗಿನ ಕಡೆ ಅವತ್ತು ತೆನೆಗಟ್ಟುವ ಪೈರನ್ನು ಬಸುರಿಯೆಂದು ಪೂಜಿಸಿ, ಹಸಿರು ಬಳೆ ಏರಿಸಿ, ಮಾಡಿದ ಅಡುಗೆಯನ್ನು ಹೊಲದ ತುಂಬ ಚರಗ ಚೆಲ್ಲುತ್ತಾರೆ. ನಾವಿದ್ದ ಮುಸಫ್ಫಾದಲ್ಲಿ ನಮಗೆಲ್ಲಿಯ ಹೊಲ? ಅದಕ್ಕೇ ಪ್ರತಿ ವರ್ಷ ಹುಣ್ಣಿಮೆಗೆ ಹತ್ತಿರದ ಶುಕ್ರವಾರ ಅಪ್ಪ ನನ್ನನ್ನೂ ಅವ್ವನನ್ನೂ ಅಲ್ ಐನ್ ರಸ್ತೆಯ ಒಂದು ಖರ್ಜೂರದ ತೋಟಕ್ಕೆ ಕರೆದುಕೊಂಡು ಹೋಗುತ್ತಿದ್ದ.

ತೋಟದ ಬಾಯಿಗೇ ಅದರ ಅಂಗಡಿ. ಕಾಲಿಟ್ಟರೆ ಬೆಲ್ಲ ಕಾಯಿಸುವ ಮನೆಯ ವಾಸನೆ. ರುಚಿ ನೋಡಲೆಂದು ತಟ್ಟೆಯಲ್ಲಿಟ್ಟ ಹಣ್ಣುಗಳನ್ನು ನಾನು ಒಂದಾದ ಮೇಲೊಂದು ಮುಗಿಸುತ್ತಿದ್ದರೆ ಅವ್ವ ದೂರದಿಂದಲೇ ಕಣ್ಣು ಬಿಡುತ್ತಿದ್ದಳು. ಅಂಗಡಿ ನೋಡಿಕೊಳ್ಳುತ್ತಿದ್ದ ಮಂಗಳೂರಿನ ಬಶೀರಣ್ಣ, "ತಿನ್ನಲಿ ಬಿಡಿ ಅಕ್ಕ, ಮಗು ಅಲ್ವಾ" ಎನ್ನುತ್ತಿದ್ದ. ತಿಂದ ಬೀಜಗಳನ್ನು ಲಂಗದಲ್ಲಿ ಕಟ್ಟಿಕೊಂಡು ಮರದ ನೆರಳಲ್ಲಿ ಹರಳಾಟ ಆಡುತ್ತಿದ್ದೆ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ ಹಾಗಿರಲಿಲ್ಲ. ಅಪ್ಪನ ಕಂಪನಿಗೆ ಬೀಗ ಬಿದ್ದು, ವೀಸಾ ರದ್ದಾಗಿತ್ತು. ಬೇರೆ ಕೆಲಸ ಸಿಗದಿದ್ದರೆ ನಾನೂ ಬಸುರಿ ಅವ್ವನೂ ಊರಿಗೆ, ಅಪ್ಪ ಕೆಲಸ ಹುಡುಕುತ್ತ ಯಾರದೋ ರೂಮಿನ ಒಂದು ಮಂಚಕ್ಕೆ. ಅಪ್ಪ ತುಳಿಯದ ಹೊಸ್ತಿಲು ಉಳಿದಿರಲಿಲ್ಲ. ಈ ತೋಟದ ಪ್ಯಾಕಿಂಗ್ ಶೆಡ್ಡಿಗೆ ಫಿಟ್ಟರ್ ಬೇಕಂತೆ ಎಂದು ಯಾರೋ ಹೇಳಿದ್ದರು. ಅವ್ವ ಉಪವಾಸವಿದ್ದು ಸಜ್ಜೆ ರೊಟ್ಟಿ, ಕಡಬು, ಎಣ್ಣೆಗಾಯಿ ಕಟ್ಟಿದಳು.

"ನೀವು ಬಶೀರಣ್ಣನ ಜೋಡಿ ಮಾತಾಡ್ರಿ. ನಾ ಗಿಡಕ್ಕ ಬೇಡಿಕೊಂಡು ಬರ್ತೀನಿ. ಬಸುರಿ ಬೇಡಿದ್ರ ಬಸುರಿ ಇಲ್ಲ ಅನ್ನಂಗಿಲ್ಲ" ಎಂದಳು.

ಆದರೆ ಹುಣ್ಣಿಮೆ ಆ ವರ್ಷ ತಡವಾಗಿ ಬಂದಿತ್ತು. ಹಣ್ಣೆಲ್ಲ ಇಳಿಸಿಯಾಗಿತ್ತು. ಸೊಂಟಕ್ಕೆ ಕೈಕೊಟ್ಟು ಅವ್ವ ಸಾಲು ಸಾಲು ತಿರುಗಿದಳು. ಎಲ್ಲ ಮರಗಳೂ ಬರಿದು. ಕೊನೆಗೆ ಗೋಡೆಯ ಮೂಲೆಯ ಮರದಲ್ಲಿ ಕಂದು ಗೊಂಚಲುಗಳು ಕಂಡವು.

"ಅವ್ವಾ, ದೇರ್ ಈಸ್ ನಥಿಂಗ್ ಇನ್ ಇಟ್" ಎಂದೆ.

"ಬಾಯಿ ಮುಚ್ಚು. ಎತ್ತರದಾಗ ಅದಾವು, ಕಾಣಂಗಿಲ್ಲ."

ಐದು ಕಲ್ಲಿಟ್ಟು, ಕುಂಕುಮ ಹಚ್ಚಿ, ತನ್ನ ಕೈಯಿಂದಲೇ ಎರಡು ಹಸಿರು ಬಳೆ ತೆಗೆದು ಗರಿಯ ಮುಳ್ಳಿಗೆ ಏರಿಸಿದಳು. ನಾನು ಸುತ್ತಲೂ ಓಡಿ ಚರಗ ಚೆಲ್ಲಿದೆ. ಕಣ್ಣು ಮುಚ್ಚಿ ಕೈಮುಗಿದ ಅವ್ವ ಎಷ್ಟು ಹೊತ್ತಾದರೂ ಏಳಲಿಲ್ಲ. ನನಗೆ ಹೆದರಿಕೆಯಾಯಿತು.

ಅಂಗಡಿಗೆ ಮರಳಿದಾಗ ಅಪ್ಪ ಗಲ್ಲಾಪೆಟ್ಟಿಗೆಯ ಮುಂದೆ ತಲೆ ತಗ್ಗಿಸಿ ನಿಂತಿದ್ದ. "ಏನರ ಒಂದು ಕೊಡ್ರಿ ಬಶೀರಣ್ಣ. ಕಸಾ ಹೊಡಿ ಅಂದ್ರೂ ಹೊಡೀತೀನಿ." ಅಪ್ಪನ ಆ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕಿವಿ ಮುಚ್ಚಿಕೊಳ್ಳಬೇಕೆನಿಸಿತು.

"ನನ್ನ ಕೈಯಲ್ಲಿದ್ರೆ ಇಲ್ಲ ಹೇಳ್ತೇನಾ ಮಾರಾಯ್ರೆ? ಸೀಸನ್ ಖಲಾಸ್. ಮೆಷಿನೆಲ್ಲ ಬಂದ್ ಮಾಡಿ ಆಯ್ತು. ಇನ್ನು ಜನ ತಗೊಳ್ಳುವುದು ಬರುವ ವರ್ಷವೇ."

"ಹಂಗನ್ನಬ್ಯಾಡ್ರಿ ಅಣ್ಣ" ಎಂದು ಅವ್ವ ನಡುವೆ ಬಂದಳು. "ಆ ಮೂಲಿ ಗಿಡಕ್ಕ ಇನ್ನೂ ಗೊನಿ ಅದಾವು. ನಾ ಈಗ ಪೂಜಿ ಮಾಡಿ ಬಂದೇನಿ."

ಬಶೀರಣ್ಣ ಹೊರಗೆ ಇಣುಕಿ ನೋಡಿದ. "ಅದು ಗಂಡು ಮರ ಅಕ್ಕ. ಹೂವಿನ ಪುಡಿಗೆ ಅಂತ ಇಟ್ಟದ್ದು. ನೀವು ನೋಡಿದ್ದು ಒಣಗಿದ ಹೂವು. ಅದರಲ್ಲಿ ಕಾಯಿ ಆಗುವುದೇ ಇಲ್ಲ."

ಅವ್ವ ಮೊದಲು ನಕ್ಕಳು. "ಗಂಡು ಗಿಡಕ್ಕ ಬಳಿ ತೊಡಿಸಿ ಬಂದೆನಲ್ಲರೀ" ಎಂದು ಅಪ್ಪನ ತೋಳು ಹಿಡಿದು ಹೊಟ್ಟೆ ಕುಲುಕುವಂತೆ ನಕ್ಕಳು. ಆ ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ಅಂಗಡಿಯ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಬಶೀರಣ್ಣ ಒಂದು ಡಬ್ಬಿ ಖರ್ಜೂರ ತಂದು ನನ್ನ ಕೈಗಿಟ್ಟ.

ಉಳಿದ ರೊಟ್ಟಿಯನ್ನು ಆ ಗಂಡು ಮರದ ಕೆಳಗೇ ಕೂತು ತಿಂದೆವು. ಅಪ್ಪ ತನ್ನ ಪಾಲಿನ ಕಡಬನ್ನು ಅವ್ವನ ತಟ್ಟೆಗೆ ಹಾಕಿ, "ಒಳಗಿನವಂಗ" ಎಂದ. ಮರುವಾರ ನಾನೂ ಅವ್ವನೂ ವಿಮಾನ ಹತ್ತಿದೆವು.

ತಮ್ಮ ಗದಗಿನಲ್ಲಿ ಹುಟ್ಟಿದ. ಅಪ್ಪನಿಗೆ ಆಮೇಲೆ ಎಲ್ಲೋ ಕೆಲಸ ಸಿಕ್ಕಿತು, ಸಂಸಾರ ಕರೆಸಿಕೊಳ್ಳುವಂಥದ್ದು ಸಿಗಲೇ ಇಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಅಪ್ಪನನ್ನು ಕಂಡರೆ ತಮ್ಮ ಬಾಗಿಲ ಹಿಂದೆ ಅಡಗುತ್ತಿದ್ದ. ಅವ್ವ ಇರುವ ತನಕ ಇಬ್ಬರ ನಡುವೆ ಮಾತು ದಾಟಿಸುತ್ತಿದ್ದಳು. ಈಗ ಅವ್ವ ಇಲ್ಲ, ಅಪ್ಪ ಊರಿಗೆ ಮರಳಿದ್ದಾನೆ, ನಾನು ದುಬೈನಲ್ಲಿ ದುಡಿಯುತ್ತಿದ್ದೇನೆ. ಮೊನ್ನೆ ಅಲ್ ಐನ್ ರಸ್ತೆಯಲ್ಲಿ ಹೋಗುವಾಗ ನೋಡಿದೆ, ತೋಟದ ಅಂಗಡಿ ಕಾಫಿ ಶಾಪ್ ಆಗಿದೆ. ನಾನು ಒಳಗೆ ಹೋಗಲಿಲ್ಲ.

ದಿನಾ ಮಧ್ಯಾಹ್ನ ಸಿಲಿಕಾನ್ ಓಯಸಿಸ್‌ನ ನನ್ನ ಆಫೀಸಿಗೆ ಗದಗಿನಿಂದ ಅಪ್ಪನ ಫೋನ್ ಬರುತ್ತದೆ. "ಅವ ಉಂಡಾನೇನು, ಒಂದೀಟು ಕೇಳವ್ವ."

ತಮ್ಮ ಅಲ್ಲೇ, ಅಪ್ಪನ ಪಕ್ಕದ ಕೋಣೆಯಲ್ಲೇ ಇರುತ್ತಾನೆ. ನಾನು ಇಲ್ಲಿಂದ ಅವನಿಗೆ ಫೋನ್ ಹಚ್ಚುತ್ತೇನೆ.