ಬೆರಳು ಎತ್ತದ ಗೆರೆ

ಸೂರ್ಯ ಈಗಷ್ಟೇ ಸಮುದ್ರ ಬಿಟ್ಟು ಮೇಲೆದ್ದಿದ್ದಾನೆ. ಪೆಂಟೆಕೋಸ್ಟ್ ದ್ವೀಪದ ಮೂಡಣ ದಂಡೆಯಲ್ಲಿ ಎಡ್ವಿನಾ ಗರಾಯ್ ಮಂಡಿಯೂರಿ, ತೋರುಬೆರಳಿಂದ ಮರಳಿನಲ್ಲಿ ಗೆರೆ ಎಳೆಯುತ್ತಿದ್ದಾಳೆ. ಬೆರಳು ಕಾಳಿನಷ್ಟು ಸರಿದರೆ ಸಾಕು, ಎಡಗೈ ಗುಂಡಿ ಒತ್ತುತ್ತದೆ, ಮೇಲೆ ಬಿದಿರಿಗೆ ಕಟ್ಟಿದ ಕ್ಯಾಮೆರಾ ಒಂದು ಫೋಟೋ ಹಿಡಿಯುತ್ತದೆ. ಬಿಸಿಲು ಓರೆಯಾಗಿರುವಷ್ಟು ಹೊತ್ತು ಮಾತ್ರ ಗೆರೆ ಎದ್ದು ಕಾಣುವುದು. ಅತ್ತ ಉಬ್ಬರ ಬೇರೆ ಏರುತ್ತಿದೆ. ಪತ್ರಿಕೆಗೆ ಬರೆಯಲು ಬಂದ ನನಗೋ ಕಾಲು ಸರಿಸಲೂ ಭಯ.

ಮಾರು ದೂರದಲ್ಲಿ ಅವಳ ಸೋದರಮಾವ ಬೂಲೆ ಮುಖ ಗಂಟಿಕ್ಕಿಕೊಂಡು ಕೂತಿದ್ದಾರೆ. ಈ ಚಿತ್ತಾರ ಅವರ ಮನೆತನದ ಸ್ವತ್ತು. ಅವರು ಹೂಂ ಅನ್ನದೆ ಯಾರೂ ಎಳೆಯುವಂತಿಲ್ಲ. ಎಳೆಯಲು ಶುರುಮಾಡಿದರೆ ಮುಗಿಯುವ ತನಕ ಬೆರಳು ಎತ್ತುವಂತಿಲ್ಲ.

ರಾಜಧಾನಿ ಪೋರ್ಟ್ ವಿಲಾದಲ್ಲಿ ಜಾಹೀರಾತಿನ ಅಕ್ಷರ ಕುಣಿಸುವುದು ಎಡ್ವಿನಾಳ ಹೊಟ್ಟೆಪಾಡು. "ಟಿವೀಲಿ ಸೋಪಿನ ಗುಳ್ಳೆ ಹಾರುತ್ತಲ್ಲ, ಹಾರಿಸಿದ್ದು ನಾನೇ. ಯಾರಿಗೆ ಗೊತ್ತು ಹೇಳಿ?" ಅಂತ ನಗುತ್ತಾಳೆ. ಈ ಫೋಟೋಗಳನ್ನು ಸಾಲಾಗಿ ಓಡಿಸಿದರೆ ಅದು ಅವಳದೇ ಅನ್ನುವ ಮೊದಲ ಚಲನಚಿತ್ರ. ನಾಲ್ಕು ನಿಮಿಷ. ಮನುಷ್ಯರಿಲ್ಲ, ಕಥೆಯಿಲ್ಲ. ಒಂದೇ ಗೆರೆ ಸುತ್ತಿ, ಗಂಟಾಗಿ, ಬಿಚ್ಚಿಕೊಂಡು ಹೊರಟಲ್ಲಿಗೇ ಮರಳುತ್ತದೆ. "ಮೊದ್ಲು ಕಂಪ್ಯೂಟರಲ್ಲೇ ಎಳೆದೆ. ನುಣ್ಣಗೆ ಬಂತು, ಜೀವ ಮಾತ್ರ ಬರ್ಲಿಲ್ಲ. ಬೆರಳು ತಡವರಿಸ್ಬೇಕು, ಮರಳು ಜರೀಬೇಕು."

ಹೋದ ವಾರ ಎಳೆಯುವಾಗ ಸೊಳ್ಳೆ ಕಚ್ಚಿತು. ಬೆರಳು ಮೇಲೆದ್ದೇಬಿಟ್ಟಿತು! ಆ ಜಾಗವನ್ನು ಕಂಪ್ಯೂಟರಿನಲ್ಲಿ ಬೆಸೆದಳು. ಮಾವ ನೋಡಿ ಭೇಷ್ ಅಂದರು, ಶನಿವಾರ ಊರಿಗೆಲ್ಲ ತೋರಿಸೋಣ ಅಂದರು. ಅವಳಿಗೆ ಮಾತ್ರ ಊಟಕ್ಕಿಟ್ಟ ಲಪ್‌ಲಪ್ ಕಡುಬು ಸೇರಲಿಲ್ಲ. "ನಮ್ಮ ಸತ್ತೋರು ಈ ಗೆರೆ ಹಿಡಿದೇ ಆಚೆ ದಾಟೋದು. ನಡುವೆ ಕಡಿದ್ರೆ ಅಲ್ಲೇ ನಿಂತುಬಿಡ್ತಾರೆ. ನಮ್ಮಮ್ಮ ಹೋಗಿ ಇನ್ನೂ ವರ್ಷ ತುಂಬಿಲ್ಲ." ತಾನೇ ಹೋಗಿ ತಪ್ಪು ಒಪ್ಪಿಕೊಂಡಳು.

ಮಾವ ಕೆಂಡವಾದರು. "ಇನ್ನೊಂದೇ ಸಲ ಕಣೇ. ಎದುರಿಗೇ ಕೂತಿರ್ತೀನಿ. ಬೆರಳೆತ್ತಿದ್ಯೋ, ಜನ್ಮದಲ್ಲಿ ಈ ಚಿತ್ತಾರ ಮುಟ್ಟಕೂಡದು."

ಆ ಒಂದು ಸಲವೇ ಈ ಬೆಳಗು. ಇನ್ನು ಎರಡೇ ಸುತ್ತು ಬಾಕಿ. ಅಲೆಯ ನೊರೆ ಚಿತ್ತಾರದ ಅಂಚಿಗೆ ಬಂದು ಹೋಗುತ್ತದೆ. ಎಡ್ವಿನಾಳ ಬೆರಳು ಮರಳು ಬಿಟ್ಟಿಲ್ಲ. ಮುಂದಿನ ಅಲೆ ದೊಡ್ಡದು. ಅಯ್ಯೋ, ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಬೂಲೆ ಎದ್ದು ಬಂದು, ಚಿತ್ತಾರಕ್ಕೂ ಕಡಲಿಗೂ ನಡುವೆ ದೊಪ್ಪನೆ ಕೂರುತ್ತಾರೆ. ನೀರು ಅವರ ಅಗಲ ಬೆನ್ನಿಗೆ ಅಪ್ಪಳಿಸಿ ಎರಡಾಗಿ ಹರಿಯುತ್ತದೆ.

"ಮಾವ, ನಿಮ್ಮ ನೆರಳು ಬೀಳ್ತಿದೆ!"

"ಬೀಳ್ಲಿ ಬಿಡೇ! ನಿನ್ನ ಗೆರೆ ನೋಡ್ಕೋ!"

ಬೆರಳು ಹೊರಟ ಜಾಗ ಸೇರುತ್ತದೆ. ಕೊನೆಯ ಫೋಟೋ. ಬೂಲೆ ವಾಡಿಕೆಯಂತೆ ಚಿತ್ತಾರವನ್ನು ಅಂಗೈಯಿಂದ ಒರೆಸಿ, "ಶನಿವಾರ ಪರದೆ ಕಟ್ಟಿಸ್ತೀನಿ" ಅನ್ನುತ್ತಾರೆ. ಒದ್ದೆ ಮೈಯಲ್ಲೇ ಮನೆ ಕಡೆ ನಡೆಯುತ್ತಾರೆ.

ಕೊನೆಯ ಫೋಟೋಗಳಲ್ಲೆಲ್ಲ ಅವರ ನೆರಳು ಬಿದ್ದಿದೆ. ಅಳಿಸ್ತೀಯಾ ಅಂತ ಕೇಳುತ್ತೇನೆ. ಎಡ್ವಿನಾ ಕಣ್ಣೊರೆಸಿಕೊಂಡು ಇಲ್ಲವೆಂದು ತಲೆಯಾಡಿಸುತ್ತಾಳೆ. "ಇರ್ಲಿ, ಮಾವ ಅಲ್ವಾ. ನೀವು ನನ್ನ ಹೆಸರು ತಪ್ಪಾಗಿ ಬರೆದ್ರೂ ಬೇಜಾರಿಲ್ಲ. ಈ ಸಲ ಬೆರಳು ಎತ್ತಲಿಲ್ಲ ಅಂತ ಮಾತ್ರ ಬರೀರಿ."